ಹದಿನೆಂಟನೆಯ ತಿಂಗಳಿಗೆ ಮುಚ್ಚಿದ ಕಡತ

ನಾನು ಕೆಲಸ ಮಾಡುವ ಎಚ್‌ಐವಿ ಚಿಕಿತ್ಸಾ ಕೇಂದ್ರಕ್ಕೆ ಬರುವ ಈ ತಾಯಿ ಯಾದಗಿರಿ ಜಿಲ್ಲೆಯ ಹಳ್ಳಿಯೊಂದರವರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಂಡ ವರ್ಷದ ಬಹುಪಾಲು ಪುಣೆಯಲ್ಲಿ ಗಾರೆ ಕೆಲಸಕ್ಕಿರುತ್ತಾನೆ. ಇಬ್ಬರಿಗೂ ಎಚ್‌ಐವಿ ಸೋಂಕಿದೆ, ಮೂರು ವರ್ಷದ ಮಗನಿಗಿಲ್ಲ. ಅತ್ತೆಗೆ ಈ ಯಾವುದೂ ಗೊತ್ತಿಲ್ಲ. ಎರಡನೆಯ ಬಾರಿ ನಾಲ್ಕು ತಿಂಗಳ ಬಸುರಿಯಾಗಿ ಬಂದಾಗ ಆಕೆಯ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ) ಡಬ್ಬಿಯಲ್ಲಿ ಹನ್ನೆರಡು ಗುಳಿಗೆ ಹೆಚ್ಚು ಉಳಿದಿದ್ದವು. ಮರೆತೆನೆಂದು ಮೊದಲು ಹೇಳಿದ ಆಕೆ, ಸ್ವಲ್ಪ ಹೊತ್ತಿನ ಮೇಲೆ, "ಇವನು ಹೊಟ್ಟ್ಯಾಗಿದ್ದಾಗ ಇದೇ ಗುಳಿಗಿ ನುಂಗೀನ್ರಿ, ಅದಕ್ಕೇ ಹುಡುಗಗ ಮಾತು ಬರವಲ್ದು" ಎಂದರು.

ಮಗು ಎಂಟನೆಯ ತಿಂಗಳಲ್ಲೇ ಹುಟ್ಟಿತ್ತು, ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಕೆಳಗಿನ ಗೆರೆಯ ಆಸುಪಾಸಿನಲ್ಲೇ ಇತ್ತು, ಮಳೆಗಾಲದಲ್ಲಿ ಪದೇ ಪದೇ ನೆಗಡಿಯಾಗಿ ಕಿವಿ ಸೋರುತ್ತಿತ್ತು, ಆಡುವ ಮಾತುಗಳು ಬೆರಳಲ್ಲಿ ಎಣಿಸುವಷ್ಟಿದ್ದವು. ಇವೆಲ್ಲ ನನಗೆ ಹೊಸ ಸುದ್ದಿ. ಹದಿನೆಂಟನೆಯ ತಿಂಗಳ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಖಚಿತವಾದ ದಿನ, ಇನ್ನು ಮಗುವನ್ನು ಇಲ್ಲಿಗೆ ಕರೆತರಬೇಕಿಲ್ಲವೆಂದು ಸಂತೋಷದಿಂದ ಹೇಳಿ ಕಡತ ಮುಚ್ಚಿದವಳು ನಾನೇ.

ಗುಳಿಗೆಯಿಂದ ಏನೂ ಆಗುವುದಿಲ್ಲ ಎಂದುಬಿಡುವುದು ಸುಲಭವಿತ್ತು, ಆದರೆ ಅದು ಪೂರ್ತಿ ಸತ್ಯವಲ್ಲ. ಸೋಂಕಿರುವ ತಾಯಂದಿರ ಸೋಂಕಿಲ್ಲದ ಮಕ್ಕಳಲ್ಲಿ ಅವಧಿಗೆ ಮುಂಚಿನ ಜನನ, ಕಡಿಮೆ ತೂಕ, ಮೊದಲ ವರ್ಷಗಳಲ್ಲಿ ಎದೆಯ ಸೋಂಕು ಇತರ ಮಕ್ಕಳಿಗಿಂತ ಸ್ವಲ್ಪ ಹೆಚ್ಚಾಗಿ ಕಾಣುತ್ತವೆ; ಮಾತು ನಿಧಾನವಾಗುವುದನ್ನೂ ಕೆಲವು ಅಧ್ಯಯನಗಳು ಗುರುತಿಸಿವೆ. ತಾಯಿಯ ಸೋಂಕು, ಗರ್ಭದಲ್ಲಿ ಮಗುವಿಗೆ ದಾಟುವ ರಕ್ಷಕ ಕಣಗಳ ಕೊರತೆ, ರಕ್ತಹೀನತೆ, ಮನೆಯ ಊಟ, ಔಷಧ, ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಒಂದು ಮಗುವಿನ ಮಟ್ಟಿಗೆ ಬಿಡಿಸಿ ಹೇಳಲಾಗದು ಎಂದೆ. ಪುಣೆಯ ನೆಂಟರೊಬ್ಬರು, ಆಕೆಯ ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧದಿಂದ ಮಗುವಿನ ಬೆನ್ನುಹುರಿ ಕೆಡುತ್ತದೆಂಬ ವಿಡಿಯೋ ಕಳಿಸಿದ್ದರಂತೆ. ಬೋಟ್ಸ್‌ವಾನಾದಿಂದ 2018ರಲ್ಲಿ ಅಂಥ ಎಚ್ಚರಿಕೆ ಬಂದದ್ದು ನಿಜ. ಹೆಚ್ಚು ಹೆರಿಗೆಗಳ ಲೆಕ್ಕ ಸೇರುತ್ತ ಹೋದಂತೆ ಈ ಔಷಧಕ್ಕೂ ಬೇರೆ ಎಚ್‌ಐವಿ ಔಷಧಗಳಿಗೂ ಕಂಡಿದ್ದ ವ್ಯತ್ಯಾಸ ಕರಗಿತು. ಚಿಕಿತ್ಸೆಯೇ ಇಲ್ಲದಿದ್ದರೆ ನೂರಕ್ಕೆ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ, ಸರಿಯಾದ ಚಿಕಿತ್ಸೆಯಿದ್ದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ ಎಂಬ ಲೆಕ್ಕವನ್ನು ಆಕೆ ಎರಡು ಬಾರಿ ಹೇಳಿಸಿಕೊಂಡರು.

ಅಂದೇ ರಾತ್ರಿಯಿಂದ ಒಂದು ದಿನವೂ ತಪ್ಪದೆ ಗುಳಿಗೆ ತೆಗೆದುಕೊಳ್ಳಲು ಹೇಳಿ, ವೈದ್ಯರನ್ನು ಕಂಡು ವೈರಲ್ ಲೋಡ್ (ರಕ್ತದಲ್ಲಿ ವೈರಾಣು ಎಷ್ಟಿದೆಯೆಂಬ) ಪರೀಕ್ಷೆಗೆ ರಕ್ತ ಕೊಡಿಸಿದೆ. ವಿಚಾರಿಸುತ್ತಿದ್ದಾಗ ಇನ್ನೊಂದು ಸಂಗತಿ ಹೊರಬಿತ್ತು: ಬಸುರಿಯರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳನ್ನೂ ಆಕೆ ಇದರ ಜೊತೆಗೇ ಬರಿಹೊಟ್ಟೆಯಲ್ಲಿ ನುಂಗುತ್ತಿದ್ದರು. ಹಾಗೆ ಮಾಡಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಜೊತೆಯಲ್ಲಿ ತೆಗೆದುಕೊಳ್ಳುವುದಾದರೆ ರೊಟ್ಟಿ ಉಂಡೇ ತೆಗೆದುಕೊಳ್ಳಬೇಕು, ಇಲ್ಲವಾದರೆ ಎಚ್‌ಐವಿ ಗುಳಿಗೆಯನ್ನು ಎರಡು ಗಂಟೆ ಮೊದಲೋ ಆರು ಗಂಟೆ ನಂತರವೋ ನುಂಗಬೇಕು. ಇದನ್ನು ನಾವು ಗುಳಿಗೆ ಕೊಡುವಾಗಲೇ ಹೇಳಬೇಕು, ಗಡಿಬಿಡಿಯಲ್ಲಿ ಎಷ್ಟೋ ಸಲ ಬಿಟ್ಟುಹೋಗುತ್ತದೆ.

ಮಗನ ವಿಷಯದಲ್ಲಿ, ಮಾತಿಗಿಂತ ಮೊದಲು ಕಿವಿ ನೋಡಿಸೋಣವೆಂದು ಸೂಚಿಸಿ, ಮಕ್ಕಳ ಬೆಳವಣಿಗೆ ತಪಾಸಣೆಯ ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟೆ. "ಅಲ್ಲಿ ನಮ್ಮ ಬ್ಯಾನಿ ಹೇಳಬೇಕೇನ್ರಿ?" ಎಂದು ಕೇಳಿದರು. ಕಿವಿ ಪರೀಕ್ಷೆಗೆ ಬೇಕಿಲ್ಲ. ಮಕ್ಕಳ ವೈದ್ಯರಿಗೆ ತಿಳಿಸಿದರೆ ಅನುಕೂಲ, ಆದರೆ ಅದು ನಿಮ್ಮ ಇಚ್ಛೆ, ನಿಮ್ಮ ಒಪ್ಪಿಗೆಯಿಲ್ಲದೆ ನಾನು ಬಾಯಿಬಿಡಲು 2017ರ ಎಚ್‌ಐವಿ ಕಾಯ್ದೆಯೇ ಬಿಡುವುದಿಲ್ಲ ಎಂದೆ. ಚೀಟಿಯಲ್ಲಿ ಅವಧಿಪೂರ್ವ ಜನನ, ಕಿವಿ ಸೋರಿಕೆ ಎಂದಷ್ಟೇ ಬರೆದಿದ್ದೆ.

ಎಡಗಿವಿಯ ತಮಟೆಯಲ್ಲಿ ತೂತು ಕಂಡಿತು, ಕೇಳುವುದೂ ಕಡಿಮೆಯಿತ್ತು. ಚಿಕಿತ್ಸೆಯ ಜೊತೆಗೆ ಮಾತಿನ ತರಬೇತಿಯೂ ನಡೆದಿದೆ. ತಡವಾದದ್ದಕ್ಕೆ ಅದೊಂದೇ ಕಾರಣವೆಂದು ವೈದ್ಯರು ಹೇಳಿಲ್ಲ, ನಾನೂ ಹೇಳಲಿಲ್ಲ. ಮುಂದಿನ ತಿಂಗಳು ಡಬ್ಬಿಯಲ್ಲಿ ಗುಳಿಗೆ ಲೆಕ್ಕಕ್ಕೆ ಸರಿಯಾಗಿದ್ದವು.