ವರದಿಯಲ್ಲಿ ಹೆಸರು ಬದಲಾಯಿತು, ಮಗನಿಗೆ ಜಾಸ್ತಿಯಾಯಿತೇ?

ಪ್ರಶ್ನೆ: ಡಾಕ್ಟರೇ, 2009ರಲ್ಲಿ, ಮಗನಿಗೆ 4 ವರ್ಷವಿದ್ದಾಗ ‘ಪಿಡಿಡಿ-ಎನ್‌ಒಎಸ್’ ಎಂದು ಬರೆದುಕೊಟ್ಟಿದ್ದರು. ‘ಪೂರ್ತಿ ಆಟಿಸಂ ಅಲ್ಲ’ ಎಂದು ಸಮಾಧಾನ ಹೇಳಿದ್ದರು. ಒಂದು ಕಡೆ ಕೂರುವುದಿಲ್ಲ, ಎಡಿಎಚ್‌ಡಿಯೂ (ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆ) ಇರಬಹುದೇ ಎಂದಾಗ ‘ಎರಡನ್ನೂ ಒಟ್ಟಿಗೆ ಬರೆಯುವ ಹಾಗಿಲ್ಲ’ ಅಂದರು. ಈಗಿನ ವರದಿಯಲ್ಲಿ ‘ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್, ಲೆವೆಲ್ 2, ಜೊತೆಗೆ ಎಡಿಎಚ್‌ಡಿ’ ಎಂದಿದೆ. ಕಾಯಿಲೆ ಜಾಸ್ತಿಯಾಯಿತೇ? ಇಲ್ಲಾ, ಆಗಿನವರು ತಪ್ಪು ಬರೆದಿದ್ದರೇ?
– ಹೆಸರು ಬೇಡ

ಉತ್ತರ: ನೀವು ಬರೆದಿರುವಷ್ಟರಿಂದ ಎರಡನ್ನೂ ಹೇಳಲಾಗದು ಅಮ್ಮ. ಬದಲಾಗಿದ್ದು ಖಂಡಿತ ಎನ್ನಬಹುದಾದದ್ದು ಪುಸ್ತಕ ಮಾತ್ರ.

2009ರಲ್ಲಿ ಬಳಕೆಯಲ್ಲಿದ್ದದ್ದು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ನಾಲ್ಕನೇ ಆವೃತ್ತಿ, 1994ರ ಡಿಎಸ್‌ಎಂ-4. ಅದರ ಪ್ರಕಾರ ಆಟಿಸಂ ಎನ್ನಲು 12 ಲಕ್ಷಣಗಳಲ್ಲಿ ಕನಿಷ್ಠ 6 ಇರಬೇಕು, ಆ ಆರರಲ್ಲಿ 2 ಒಡನಾಟಕ್ಕೆ ಸಂಬಂಧಿಸಿದವೇ ಆಗಬೇಕು. ಐದಕ್ಕೇ ನಿಂತ ಮಗುವನ್ನು ಏನೆಂದು ಕರೆಯುವುದು? ಅಂಥವರಿಗಾಗಿ ಇದ್ದದ್ದೇ ಪಿಡಿಡಿ-ಎನ್‌ಒಎಸ್, ಅರ್ಜಿ ನಮೂನೆಯ ಕೊನೆಯಲ್ಲಿರುವ ‘ಇತರೆ’ ಕಾಲಮ್ಮಿನಂತೆ. ಅದನ್ನು ‘ಸೌಮ್ಯ ಆಟಿಸಂ’ ಎಂದು ಓದಿಕೊಂಡು ನೆಮ್ಮದಿಪಟ್ಟ ತಂದೆತಾಯಿಯರು ಬಹಳ. ಒಂದೇ ಮಗುವಿಗೆ ಒಬ್ಬರು ಆಸ್ಪರ್ಗರ್ (ಆಟಿಸಂ ಗುಂಪಿನಲ್ಲೇ ಆಗ ಇದ್ದ ಇನ್ನೊಂದು ಹೆಸರು), ಇನ್ನೊಬ್ಬರು ಪಿಡಿಡಿ-ಎನ್‌ಒಎಸ್ ಎಂದು ಬರೆದ ಫೈಲುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಎಡಿಎಚ್‌ಡಿಯನ್ನು ಜೊತೆಗೆ ಬರೆಯಬಾರದೆಂದೂ ಅದೇ ಪುಸ್ತಕದ ನಿಯಮ. ನಿಮ್ಮ ವೈದ್ಯರು ಹೇಳಿದ್ದು ಆಗಿನ ಮಟ್ಟಿಗೆ ಸರಿ.

2013ರ ಡಿಎಸ್‌ಎಂ-5 ಈ ಹೆಸರುಗಳನ್ನೆಲ್ಲ ಒಂದೇ ‘ಸ್ಪೆಕ್ಟ್ರಮ್’ಗೆ ಸೇರಿಸಿತು. ಒಡನಾಟದ 3 ಲಕ್ಷಣಗಳೂ ಇರಲೇಬೇಕು. ಮಾಡಿದ್ದನ್ನೇ ಮಾಡುವುದು, ಒಂದೇ ವಿಷಯಕ್ಕೆ ಅಂಟಿಕೊಳ್ಳುವುದು ಮುಂತಾದ 4ರಲ್ಲಿ 2 ಸಾಕು. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು, ಅಂಗಿಯ ಲೇಬಲ್ ತಾಗಿದರೆ ಕಿರುಚುವುದು ಇಂಥವೂ ಆ ನಾಲ್ಕರಲ್ಲಿ ಸೇರಿದ್ದು ಆಗಲೇ. ತಾಯಂದಿರು ಅದನ್ನು ಎಷ್ಟೋ ಮೊದಲಿಂದ ಹೇಳುತ್ತಿದ್ದರು ಅನ್ನಿ. ಎಡಿಎಚ್‌ಡಿ ಮೇಲಿನ ತಡೆಯೂ ಹೋಯಿತು. ಹಳೆಯ ಪುಸ್ತಕದಂತೆ ಪಿಡಿಡಿ-ಎನ್‌ಒಎಸ್ ಎಂದು ಖಚಿತವಾಗಿದ್ದವರಿಗೆ ಹೊಸ ಹೆಸರನ್ನೇ ಕೊಡಬೇಕೆಂದು ಅದರಲ್ಲೇ ಸೂಚನೆಯಿದೆ.

ಇಂಥ ಬದಲಾವಣೆ ಮೊದಲನೆಯದೇನಲ್ಲ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಇಂಥ 11 ಮಕ್ಕಳ ವಿವರ ಬರೆದ ಮೇಲೂ, 1968ರ ಡಿಎಸ್‌ಎಂ-2ರಲ್ಲಿ ಇಂಥ ಮಕ್ಕಳಿಗಿದ್ದ ಜಾಗ ‘ಬಾಲ್ಯದ ಸ್ಕಿಜೋಫ್ರೇನಿಯಾ’. 1980ರಲ್ಲಷ್ಟೇ ಆಟಿಸಂ ಪ್ರತ್ಯೇಕವಾಯಿತು, ಅದೂ 30 ತಿಂಗಳೊಳಗೆ ಕಾಣಿಸಿಕೊಂಡಿದ್ದರೆ.

ಇನ್ನು ನಿಮ್ಮನ್ನು ಹೆದರಿಸಿರುವ ‘ಲೆವೆಲ್ 2’. ಅದು ಮಗನಿಗೆ ಈಗ ಎಷ್ಟು ಆಸರೆ ಬೇಕು ಎಂಬುದರ ಅಂದಾಜು. ಕಾಲಕ್ಕೆ, ಸಂದರ್ಭಕ್ಕೆ ಬದಲಾಗಬಹುದು. 2009ರಲ್ಲಿ ಲೆವೆಲ್‌ಗಳೇ ಇರಲಿಲ್ಲವಾದ್ದರಿಂದ ಹೋಲಿಸಲೂ ಬರುವುದಿಲ್ಲ. ಒಡನಾಟಕ್ಕೊಂದು, ವರ್ತನೆಗೊಂದು ಎಂದು ಲೆವೆಲ್ಲನ್ನು ಬೇರೆ ಬೇರೆ ಬರೆಯಬೇಕು. ನಿಮ್ಮ ವರದಿಯಲ್ಲಿ ಒಂದೇ ಇದ್ದರೆ, ಯಾವುದಕ್ಕೆ ಎಂದು ಕೇಳಿ.

ಹಳೆಯ ಫೈಲು ಎಸೆಯಬೇಡಿ. ಚಿಕ್ಕಂದಿನಲ್ಲಿ ಹೇಗಿದ್ದ ಎಂಬುದು ಈಗಿನ ಮಾನದಂಡದಲ್ಲೂ ಲೆಕ್ಕಕ್ಕೆ ಬರುತ್ತದೆ. ಒಂದು ವೇಳೆ, ಮೊದಲು ಆಡುತ್ತಿದ್ದ ಮಾತು, ತಾನೇ ಮಾಡಿಕೊಳ್ಳುತ್ತಿದ್ದ ಸ್ನಾನ, ಊಟ ಇತ್ತೀಚೆಗೆ ಬಿಟ್ಟುಹೋಗಿದ್ದರೆ ಅದು ಬೇರೆ ಮಾತು. ಖಿನ್ನತೆ, ಫಿಟ್ಸ್, ಹೇಳಿಕೊಳ್ಳಲಾಗದ ನೋವು, ಏನಾದರೂ ಇರಬಹುದು. ಅದನ್ನು ತಡಮಾಡದೆ ತೋರಿಸಿ.