ವಾರಾಂತ್ಯದ ಗಾಂಜಾ ಸೇವನೆ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ವಯಸ್ಸು 19, ವಾರಾಂತ್ಯದಲ್ಲಿ ಮಾತ್ರ ಗಾಂಜಾ ಸೇದಿದರೆ ಅದು ಮದ್ಯಕ್ಕಿಂತ ಮೇಲಲ್ಲವೇ ಎಂದು ಕೇಳಿದ್ದೀರಿ. ಒಂದು ಅಂಶದಲ್ಲಿ ನಿಮ್ಮ ಮಾತು ಸರಿ: ಅತಿಯಾಗಿ ಕುಡಿದವರು ಉಸಿರಾಟ ನಿಂತು ಸಾಯಬಹುದು, ಗಾಂಜಾ ಒಂದರಿಂದಲೇ ಹಾಗಾಗುವುದು ತೀರಾ ಅಪರೂಪ. ಮನಸ್ಸು ಹಗುರಾಗುವುದು, ಸಂಗೀತ ಹೆಚ್ಚು ಇಂಪೆನಿಸುವುದು ಕೂಡ ಸುಳ್ಳಲ್ಲ. ನಮ್ಮ ಮಿದುಳೇ ತಯಾರಿಸುವ, 1992ರಲ್ಲಿ ಪತ್ತೆಯಾಗಿ ಸಂಸ್ಕೃತದ ‘ಆನಂದ’ ಪದದಿಂದಲೇ ಹೆಸರು ಪಡೆದ ಆನಂದಮೈಡ್ ಎಂಬ ರಾಸಾಯನಿಕ ಕೆಲಸ ಮಾಡುವ ಗ್ರಾಹಕಗಳನ್ನೇ, ಅಂದರೆ ಜೀವಕೋಶಗಳ ಮೇಲೆ ಸಂಕೇತ ಸ್ವೀಕರಿಸುವ ತಾಣಗಳನ್ನೇ, ಗಾಂಜಾದಲ್ಲಿ ಮತ್ತೇರಿಸುವ ಟಿಎಚ್‌ಸಿ ಎಂಬ ಅಂಶ ಹಿಡಿದುಕೊಳ್ಳುತ್ತದೆ.

ನನ್ನ ಆತಂಕವಿರುವುದು ನಿಮ್ಮ ವಯಸ್ಸಿನ ಬಗ್ಗೆ. ತೀರ್ಮಾನ ಮತ್ತು ಸಂಯಮಕ್ಕೆ ಕಾರಣವಾದ ಮಿದುಳಿನ ಮುಂಭಾಗ ಸುಮಾರು 25ರವರೆಗೂ ಬೆಳೆಯುತ್ತಲೇ ಇರುತ್ತದೆ, ಆ ಬೆಳವಣಿಗೆಯಲ್ಲಿ ಇದೇ ಗ್ರಾಹಕಗಳ ಪಾತ್ರವೂ ಇದೆ. ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗ ಇದ್ದರೆ ದಯವಿಟ್ಟು ಇದರ ತಂಟೆಗೇ ಹೋಗಬೇಡಿ. ವಾಸ್ತವದ ಅರಿವೇ ತಪ್ಪುವ ಮನೋವಿಕಲತೆಯ ಅಪಾಯ ಅಂಥವರಿಗೆ ಹೆಚ್ಚು, ಟಿಎಚ್‌ಸಿ ಪ್ರಮಾಣ ಏರಿದಂತೆ ಅದೂ ಏರುತ್ತದೆ.

ಹೊಗೆಯಲ್ಲಿ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಇರುವುದರಿಂದ ತಿನ್ನುವುದೇ ಸುರಕ್ಷಿತ ಎನ್ನುವವರಿದ್ದಾರೆ. ಆದರೆ ತಿಂದದ್ದರ ಪರಿಣಾಮ ಕಾಣಲು ಕೆಲವೊಮ್ಮೆ ಎರಡು ಗಂಟೆ ಬೇಕು. ನನ್ನ ಗೆಳೆಯನೊಬ್ಬ ಮುಕ್ಕಾಲು ಗಂಟೆ ಕಾದು, ಏನೂ ಆಗಲಿಲ್ಲವೆಂದು ಇನ್ನೊಂದು ತುಂಡು ತಿಂದು, ಆಮೇಲೆ ಎದೆಬಡಿತ ತಾಳಲಾರದೆ ರಾತ್ರಿಯಿಡೀ ನನ್ನ ಕೈ ಹಿಡಿದು ಕುಳಿತಿದ್ದ.

ವಾರಾಂತ್ಯ ಮಾತ್ರ ಎಂಬ ಗಡಿ ಬುಧವಾರಕ್ಕೆ, ನಿದ್ದೆ ಬಾರದ ರಾತ್ರಿಗೆ ಸರಿಯುತ್ತಿದೆಯೇ ಎಂದು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಬಿಟ್ಟಾಗ ಸಿಡುಕು, ನಿದ್ರಾಹೀನತೆ ಕಂಡರೆ ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿ.