ಮಾತ್ರೆ ತಪ್ಪಿಸಿ ಉಳಿಸಿದ ಹಣ ನಿಜಕ್ಕೂ ಉಳಿಯುತ್ತದೆಯೇ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಕಾಫಿ ತೋಟವಿದೆ. ತಂದೆಯವರಿಗೆ 66 ವರ್ಷ; ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ದಿನಕ್ಕೆ ಐದು ಬಗೆಯ ಮಾತ್ರೆಗಳು. ಕಾಫಿ, ಮೆಣಸು ಮಾರಿದ ಹಣ ಇರುವವರೆಗೆ ತಪ್ಪದೆ ನುಂಗುತ್ತಾರೆ. ಮಳೆಗಾಲ ಹಿಡಿದ ಮೇಲೆ ಕೈ ಬಿಗಿಯಾಗುತ್ತದೆ. ಆಗ "ಮೈಯಲ್ಲಿ ಏನೂ ತೊಂದರೆ ಇಲ್ಲವಲ್ಲ" ಎನ್ನುತ್ತಾ ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಾರೆ. ಮಾತ್ರೆಯನ್ನು ಕ್ರಮವಾಗಿ ತೆಗೆದುಕೊಂಡವರಿಗೆ ಆಸ್ಪತ್ರೆಯ ಖರ್ಚು ಕಡಿಮೆ ಬರುತ್ತದೆ ಎಂದು ವಿದೇಶದ ಸಂಶೋಧನೆಗಳು ಹೇಳುತ್ತವೆಯಂತೆ. ಇದು ನಿಜವೇ, ಔಷಧ ಕಂಪನಿಗಳ ಪ್ರಚಾರವೇ? ನಮ್ಮಂಥವರಿಗೆ ಅನ್ವಯಿಸುತ್ತದೆಯೇ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದೇ. ಆದರೆ ಅದನ್ನು ನೆಪ ಮಾಡಿಕೊಂಡು ತಂದೆಯವರ ಮಾತ್ರೆಯನ್ನು ಅರ್ಧಕ್ಕೆ ಇಳಿಸುವಂತಿಲ್ಲ.

ಈ ವಿಷಯದಲ್ಲಿ ಹೆಚ್ಚಾಗಿ ಪ್ರಸ್ತಾಪವಾಗುವ ಅಧ್ಯಯನವೊಂದು 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ವಿಮೆಯಿದ್ದ, 65 ವರ್ಷದೊಳಗಿನ 1,37,277 ಜನರ ದಾಖಲೆಗಳನ್ನು ಇಟ್ಟುಕೊಂಡು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಮತ್ತು ಹೃದಯ ವೈಫಲ್ಯ ಎಂಬ ನಾಲ್ಕು ತೊಂದರೆಗಳಲ್ಲಿ ಔಷಧದ ಕ್ರಮಬದ್ಧತೆಗೂ ಚಿಕಿತ್ಸಾ ವೆಚ್ಚಕ್ಕೂ ಇರುವ ಸಂಬಂಧವನ್ನು ಅದು ನೋಡಿತು. ನಾಲ್ಕರಲ್ಲೂ ಔಷಧವನ್ನು ಕ್ರಮವಾಗಿ ಕೊಂಡವರು ಆಸ್ಪತ್ರೆಗೆ ಸೇರಿದ್ದು ಕಡಿಮೆ. ಮೊದಲ ಮೂರರಲ್ಲಿ, ಔಷಧಕ್ಕೆ ಹೆಚ್ಚಾದ ಖರ್ಚಿಗಿಂತ ಉಳಿದ ಚಿಕಿತ್ಸೆಯಲ್ಲಿ ತಗ್ಗಿದ ಖರ್ಚೇ ದೊಡ್ಡದಾಗಿತ್ತು. ನೀವು ಓದಿರುವುದು ಬಹುಶಃ ಇಂಥದೇ ಫಲಿತಾಂಶವನ್ನು.

ಇಲ್ಲಿ "ಕೊಂಡವರು" ಎಂದೆನೇ ಹೊರತು "ನುಂಗಿದವರು" ಎನ್ನಲಿಲ್ಲ. ಇಂಥ ಅಧ್ಯಯನಗಳಲ್ಲಿ ಸಂಶೋಧಕರ ಕೈಗೆ ಸಿಗುವುದು ಔಷಧ ಅಂಗಡಿಯ ಬಿಲ್ಲು ಮಾತ್ರ. ವರ್ಷದ ದಿನಗಳಲ್ಲಿ ಎಷ್ಟು ದಿನಕ್ಕೆ ಸಾಲುವಷ್ಟು ಮಾತ್ರೆ ರೋಗಿಯ ಬಳಿ ಇತ್ತು ಎಂದು ಲೆಕ್ಕ ಹಾಕಿ, ಶೇಕಡಾ 80 ದಾಟಿದವರನ್ನು ಕ್ರಮಬದ್ಧರೆಂದು ಎಣಿಸುವುದು ರೂಢಿ. ಆ ಮಾತ್ರೆ ಹೊಟ್ಟೆಗೆ ಹೋಯಿತೋ ಕಪಾಟಿನಲ್ಲಿ ಉಳಿಯಿತೋ ಎಂಬುದು ಬಿಲ್ಲಿನಿಂದ ತಿಳಿಯದು. ನಮ್ಮ ಕಡೆ ಒಂದು ತಿಂಗಳು ಮೂಡಿಗೆರೆಯಲ್ಲಿ, ಮತ್ತೊಂದು ತಿಂಗಳು ಚಿಕ್ಕಮಗಳೂರಿನಲ್ಲಿ, ಕೆಲವೊಮ್ಮೆ ಬಿಲ್ಲೇ ಇಲ್ಲದೆ ಮಾತ್ರೆ ಕೊಳ್ಳುವುದರಿಂದ ಈ ಬಗೆಯ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತರುವುದೂ ಸುಲಭವಲ್ಲ.

ಇದಕ್ಕಿಂತ ದೊಡ್ಡ ತೊಡಕೊಂದಿದೆ, ಮತ್ತು ಅದನ್ನು ತೋರಿಸಿಕೊಟ್ಟ ಅಧ್ಯಯನವನ್ನು ಔಷಧ ಸಂಶೋಧನೆ ಕಲಿಯುವವರೆಲ್ಲ ಓದಬೇಕು ಎಂಬುದು ನನ್ನ ಅಭಿಪ್ರಾಯ. ಹಿಂದೆ ಹೃದಯಾಘಾತವಾಗಿದ್ದ ಪುರುಷರಲ್ಲಿ ಕೊಲೆಸ್ಟರಾಲ್ ಇಳಿಸುವ ಔಷಧವೊಂದನ್ನು ಪರೀಕ್ಷಿಸಿದ ಅಮೆರಿಕದ ಪ್ರಯೋಗವೊಂದರ ವಿಶ್ಲೇಷಣೆ 1980ರಲ್ಲಿ ಪ್ರಕಟವಾಯಿತು. ಕೆಲವರಿಗೆ ಔಷಧವನ್ನೂ ಉಳಿದವರಿಗೆ ಔಷಧಾಂಶವೇ ಇಲ್ಲದ ಹುಸಿಮಾತ್ರೆಯನ್ನೂ ಕೊಡಲಾಗಿತ್ತು. ಔಷಧ ಪಡೆದವರಲ್ಲಿ ಕ್ರಮವಾಗಿ ನುಂಗಿದವರ ಪೈಕಿ ಐದು ವರ್ಷಗಳಲ್ಲಿ ತೀರಿಕೊಂಡವರು ಶೇಕಡಾ 15. ಕ್ರಮ ತಪ್ಪಿದವರಲ್ಲಿ ಶೇಕಡಾ 24.6. ಔಷಧ ಜೀವ ಉಳಿಸಿತು ಎಂದು ತೀರ್ಮಾನಿಸಲು ಇಷ್ಟು ಸಾಕೆನಿಸುತ್ತದೆ. ಆದರೆ ಹುಸಿಮಾತ್ರೆಯನ್ನು ಕ್ರಮವಾಗಿ ನುಂಗಿದವರಲ್ಲೂ ಸಾವು ಶೇಕಡಾ 15.1 ಆಗಿತ್ತು, ಅದನ್ನು ಬಿಟ್ಟುಬಿಟ್ಟು ನುಂಗಿದವರಲ್ಲಿ ಶೇಕಡಾ 28.3 ಆಗಿತ್ತು. ಏನೂ ಇಲ್ಲದ ಮಾತ್ರೆ ಯಾರನ್ನೂ ಉಳಿಸುವುದಿಲ್ಲ. ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುವ ಮನುಷ್ಯನು ಊಟ, ನಡಿಗೆ, ತಪಾಸಣೆ ಮೊದಲಾದವನ್ನೂ ಸಾಮಾನ್ಯವಾಗಿ ಕ್ರಮವಾಗಿ ಇಟ್ಟುಕೊಂಡಿರುತ್ತಾನೆ. ತೀರಾ ಸೊರಗಿದವನಿಗೆ ಮಾತ್ರೆ ನುಂಗುವುದೇ ಕಷ್ಟವಾಗಿರಬಹುದು. ಹೀಗಾಗಿ ಬಿಲ್ಲುಗಳ ಮೇಲೆ ನಿಂತ ಅಧ್ಯಯನಗಳು ತೋರಿಸುವ ಉಳಿತಾಯವೆಲ್ಲ ಮಾತ್ರೆಯಿಂದಲೇ ಬಂದದ್ದೆಂದು ನಂಬಬೇಕಿಲ್ಲ.

ಈ ತೊಡಕನ್ನು ದಾಟಬೇಕಾದರೆ ಯಾರಿಗೆ ಏನು ಸಿಗಬೇಕೆಂಬುದನ್ನು ಚೀಟಿ ಎತ್ತಿದ ಹಾಗೆ ಆಕಸ್ಮಿಕಕ್ಕೆ ಬಿಟ್ಟು ಪ್ರಯೋಗ ನಡೆಸಬೇಕು. 2011ರಲ್ಲಿ ಪ್ರಕಟವಾದ ಇಂಥ ಪ್ರಯೋಗವೊಂದರಲ್ಲಿ ಹೃದಯಾಘಾತದ ನಂತರ ಮನೆಗೆ ಮರಳಿದ 5,855 ಅಮೆರಿಕನ್ನರ ಪೈಕಿ ಒಂದು ಗುಂಪಿಗೆ ಮುಂಜಾಗ್ರತೆಯ ಔಷಧಗಳನ್ನು ಪೂರ್ತಿ ಉಚಿತವಾಗಿ ಕೊಡಲಾಯಿತು. ಇನ್ನೊಂದು ಗುಂಪು ಎಂದಿನಂತೆ ತನ್ನ ಪಾಲಿನ ಹಣ ತೆರುತ್ತಿತ್ತು. ಉಚಿತ ಗುಂಪಿನಲ್ಲಿ ಕ್ರಮಬದ್ಧತೆ ನಾಲ್ಕರಿಂದ ಆರು ಶೇಕಡಾ ಅಂಶದಷ್ಟು ಮಾತ್ರ ಏರಿತು. ಸಂಶೋಧಕರು ಮುಖ್ಯವೆಂದು ಮೊದಲೇ ಗೊತ್ತುಮಾಡಿಕೊಂಡಿದ್ದ ಅಳತೆಯಲ್ಲಿ ಎರಡು ಗುಂಪುಗಳ ನಡುವೆ ಖಚಿತ ವ್ಯತ್ಯಾಸ ಕಾಣಲಿಲ್ಲ. ಆದರೆ ಹೃದಯ ಮತ್ತು ರಕ್ತನಾಳದ ತೊಂದರೆಗಳ ಒಟ್ಟು ಸಂಖ್ಯೆ ತಗ್ಗಿತು, ರೋಗಿಗಳು ಕೈಯಿಂದ ಕೊಡುವ ಹಣ ಇಳಿಯಿತು, ಮತ್ತು ಔಷಧವನ್ನು ಉಚಿತವಾಗಿ ಕೊಟ್ಟರೂ ಒಟ್ಟು ವೆಚ್ಚ ಏರಲಿಲ್ಲ. ಈ ಕೊನೆಯ ಅಂಶವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ.

ಇನ್ನು ಹಣದ ಅಡಚಣೆಯ ಬಗ್ಗೆ. 1970ರ ದಶಕದಲ್ಲಿ ಆರಂಭವಾಗಿ 1980ರ ದಶಕದವರೆಗೆ ಅಮೆರಿಕದಲ್ಲಿ ನಡೆದ ರ‍್ಯಾಂಡ್ ಸಂಸ್ಥೆಯ ಆರೋಗ್ಯ ವಿಮಾ ಪ್ರಯೋಗದಲ್ಲಿ, ಕೈಯಿಂದ ಹಣ ತೆರಬೇಕಾದಾಗ ಜನರು ಅನಗತ್ಯ ಚಿಕಿತ್ಸೆಯನ್ನಷ್ಟೇ ಅಲ್ಲ, ಅಗತ್ಯವಾದದ್ದನ್ನೂ ಅಷ್ಟೇ ಸಲೀಸಾಗಿ ಬಿಟ್ಟರು ಎಂಬುದು ಕಂಡುಬಂತು. ರಕ್ತದೊತ್ತಡವಿದ್ದ ಬಡ ಕುಟುಂಬದವರಲ್ಲಿ, ಉಚಿತ ಚಿಕಿತ್ಸೆ ಸಿಕ್ಕವರ ಒತ್ತಡವೇ ಉತ್ತಮವಾಗಿ ಹತೋಟಿಯಲ್ಲಿತ್ತು. ನಿಮ್ಮ ತಂದೆಯವರು ಮಾಡುತ್ತಿರುವುದು ಹಣದ ಮುಗ್ಗಟ್ಟಿನಲ್ಲಿ ಎಲ್ಲ ಕಡೆಯ ಜನರೂ ಮಾಡುವಂಥದೇ. ಅದನ್ನು ಅಶಿಸ್ತು ಎಂದು ಕರೆದು ಅವರನ್ನು ಗದರಿಸುವುದರಿಂದ ಪ್ರಯೋಜನವಿಲ್ಲ.

ನಮ್ಮ ವ್ಯವಸ್ಥೆಯೂ ಈ ನಡವಳಿಕೆಗೆ ಒಂದು ಮಟ್ಟಿಗೆ ಕಾರಣ. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಜೇಬಿನಿಂದ ಕೊಡುವ ಪಾಲು ಶೇಕಡಾ 39.4. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ಅದು ಮುಖ್ಯವಾಗಿ ಒಳರೋಗಿಯಾಗಿ ಪಡೆಯುವ ಚಿಕಿತ್ಸೆಗೆ. ಪಾರ್ಶ್ವವಾಯು ಹೊಡೆದು ಆಸ್ಪತ್ರೆ ಸೇರಿದರೆ ಯೋಜನೆ ನೆರವಾಗುತ್ತದೆ, ಪಾರ್ಶ್ವವಾಯು ಬಾರದಂತೆ ತಡೆಯುವ ತಿಂಗಳ ಮಾತ್ರೆಗೆ ನೆರವಾಗುವುದಿಲ್ಲ. ಇದು ಬದಲಾಗಲೇಬೇಕೆಂದು ನಾನು ದೃಢವಾಗಿ ನಂಬಿದ್ದೇನೆ.

ಸದ್ಯಕ್ಕೆ ನೀವು ಮಾಡಬಹುದಾದದ್ದು ಇದು. ಐದೂ ಮಾತ್ರೆಗಳ ಚೀಟಿಯನ್ನು ಹಿಡಿದು ವೈದ್ಯರ ಬಳಿ ಹೋಗಿ, ಮಳೆಗಾಲದಲ್ಲಿ ಹಣದ ಅಡಚಣೆಯಾಗುತ್ತದೆ, ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದಾರೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಹೇಳದಿದ್ದರೆ, ಒತ್ತಡ ಏರಿರುವುದನ್ನು ಕಂಡ ವೈದ್ಯರು ಈಗಿನ ಮಾತ್ರೆ ಸಾಲುತ್ತಿಲ್ಲವೆಂದು ತಿಳಿದು ಆರನೆಯದನ್ನು ಬರೆಯುವ ಸಂಭವವಿದೆ, ಖರ್ಚು ಇನ್ನೂ ಹೆಚ್ಚುತ್ತದೆ. ಐದರಲ್ಲಿ ಯಾವುದನ್ನು ಯಾವ ಕಾರಣಕ್ಕೂ ತಪ್ಪಿಸಬಾರದು, ಯಾವುದನ್ನು ಕೈಬಿಡಬಹುದು, ಯಾವ ಎರಡನ್ನು ಒಂದೇ ಮಾತ್ರೆಯಲ್ಲಿ ಪಡೆಯಬಹುದು ಎಂದು ಕೇಳಿ. ಭಾರತ ಮತ್ತು ಯುರೋಪಿನ 2,004 ಜನರಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೃದಯ ರಕ್ಷಣೆಯ ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ಕೊಟ್ಟಾಗ ಕ್ರಮಬದ್ಧರಾಗಿದ್ದವರು ಶೇಕಡಾ 86, ಎಂದಿನಂತೆ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 65. ಉಚಿತ ಔಷಧ ತಂದದ್ದಕ್ಕಿಂತ ಇದು ಬಹಳ ದೊಡ್ಡ ಅಂತರ.

ಬಿ.ಪಿ. ಮತ್ತು ಸಕ್ಕರೆಯ ಸಾಮಾನ್ಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಒಬ್ಬರಿಂದ ಒಬ್ಬರಿಗೆ ಹರಡದ ಕಾಯಿಲೆಗಳ) ಕ್ಲಿನಿಕ್‌ನಲ್ಲೂ ಉಚಿತವಾಗಿ ಸಿಗುತ್ತವೆ. ಅಲ್ಲಿ ಹೆಸರು ನೋಂದಾಯಿಸಿ. ಉಳಿದವನ್ನು ಕಾಫಿ ಹಣ ಕೈಯಲ್ಲಿರುವಾಗಲೇ, ಮೇ ಮುಗಿಯುವುದರೊಳಗೆ, ವೈದ್ಯರಿಂದ ಬರೆಸಿಕೊಂಡು ಎರಡು ಮೂರು ತಿಂಗಳಿಗಾಗುವಷ್ಟು ತಂದಿಡಿ. ಮಲೆನಾಡಿನ ಗೋಡೆಗಳು ಬೂಷ್ಟು ಹಿಡಿಯುವ ಆ ತಿಂಗಳುಗಳಲ್ಲಿ ಮಾತ್ರೆಗಳನ್ನು ಮೊದಲೇ ಬಿಡಿಸಿ ಡಬ್ಬಿಗೆ ತುಂಬಬೇಡಿ. ಅಂಗಡಿಯಿಂದ ತಂದ ಪಟ್ಟಿಯಲ್ಲೇ (ಸ್ಟ್ರಿಪ್) ಇರಲಿ, ಒಲೆಯ ಹತ್ತಿರ ಬೇಡ. ಹೃದಯದ ರಕ್ತನಾಳ ತೆರೆದಿರಲೆಂದು ಸ್ಟೆಂಟ್ (ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲು ತೆಗೆದುಕೊಳ್ಳುವ ಮಾತ್ರೆ, ಮೆಟೊಪ್ರೊಲಾಲ್‌ನಂತಹ ಹೃದಯದ ಮಾತ್ರೆ, ಇನ್ಸುಲಿನ್ – ಇವುಗಳನ್ನು ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ತಂದೆಯವರ ಚೀಟಿಯಲ್ಲಿ ಇವುಗಳಲ್ಲಿ ಯಾವುದಾದರೂ ಇದೆಯೇ ಎಂಬುದನ್ನು ಇಂದೇ ನೋಡಿ.

ಪ್ರಶ್ನೆ: ನಮ್ಮ ಯಜಮಾನರ ಬಿ.ಪಿ. ಮತ್ತು ಕೊಲೆಸ್ಟರಾಲ್ ಮಾತ್ರೆಗಳು ಜನೌಷಧಿ ಕೇಂದ್ರದಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ "ಅದರಲ್ಲಿ ಪವರ್ ಕಡಿಮೆ" ಎಂದು ಮೆಡಿಕಲ್ ಶಾಪ್‌ನವರು ಹೇಳುತ್ತಾರೆ. ಬದಲಾಯಿಸಬಹುದೇ? ನನ್ನ ಮಗಳು ಫಿಟ್ಸ್‌ಗೂ ಮಾತ್ರೆ ತೆಗೆದುಕೊಳ್ಳುತ್ತಾಳೆ.
— ಗೃಹಿಣಿಯೊಬ್ಬರು, ಅರಸೀಕೆರೆ

ಉತ್ತರ: ಯಜಮಾನರ ಮಾತ್ರೆಗಳನ್ನು ವೈದ್ಯರಿಗೆ ತಿಳಿಸಿ ಬದಲಾಯಿಸಬಹುದು. ಮಗಳದ್ದನ್ನು ಸದ್ಯಕ್ಕೆ ಮುಟ್ಟಬೇಡಿ.

"ಪವರ್ ಕಡಿಮೆ" ಎಂಬ ಮಾತು ಒಂದು ತಪ್ಪು ತಿಳಿವಳಿಕೆಯಿಂದ ಹುಟ್ಟಿರಬಹುದು. ಜನೌಷಧಿಯಲ್ಲಿ ಸಿಗುವುದು ಜೆನೆರಿಕ್ ಮಾತ್ರೆ, ಅಂದರೆ ಪೇಟೆಂಟ್ ಮುಗಿದ ಔಷಧವನ್ನು ಬೇರೆ ಕಂಪನಿಗಳು ತಯಾರಿಸಿದ್ದು. ಅದು ಮೂಲ ಔಷಧದಂತೆಯೇ ರಕ್ತಕ್ಕೆ ಸೇರುತ್ತದೆಯೇ ಎಂದು ನೋಡುವ ಪರೀಕ್ಷೆಯಲ್ಲಿ, ಮೂಲ ಔಷಧದ ಅಳತೆಯನ್ನು ನೂರು ಎಂದಿಟ್ಟುಕೊಂಡರೆ, ಶೇಕಡಾ 80ರಿಂದ 125ರ ಮಿತಿಯೊಂದಿದೆ. ಇದನ್ನು ಕೇಳಿದವರು ಮಾತ್ರೆಯಲ್ಲಿ ಶೇಕಡಾ 20 ಔಷಧ ಕಡಿಮೆ ಇರಬಹುದು ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಅಳತೆಯ ಏರಿಳಿತವನ್ನೆಲ್ಲ ಸೇರಿಸಿ ಸರಾಸರಿಯ ಸುತ್ತ ಹಾಕಿದ ಅಂದಾಜಿನ ಕೆಳತುದಿ, ಮೇಲ್ತುದಿ ಎರಡೂ ಆ ಮಿತಿಯೊಳಗೆ ಬರಬೇಕು. ಹಾಗೆ ಬರಬೇಕಾದರೆ ಸರಾಸರಿಯು ನೂರರ ಸಮೀಪವೇ ಇರಬೇಕಾಗುತ್ತದೆ. ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳ ಜೆನೆರಿಕ್ ತಯಾರಿಗೆ ಈ ಪರೀಕ್ಷೆಯನ್ನು ಭಾರತದಲ್ಲಿ 2017ರಲ್ಲಿ ಕಡ್ಡಾಯಗೊಳಿಸಲಾಯಿತು. ಹೃದಯ ಮತ್ತು ರಕ್ತನಾಳದ ಔಷಧಗಳ ಬಗ್ಗೆ ನಡೆದ 47 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಬ್ರ್ಯಾಂಡ್ ಔಷಧಗಳೇ ಮೇಲು ಎಂಬುದಕ್ಕೆ ಪುರಾವೆ ಸಿಗಲಿಲ್ಲ.

ನಿಮ್ಮ ಅಂಗಡಿಯವರು ಮಾರುವ ದುಬಾರಿ ಮಾತ್ರೆಯೂ ಬಹುಪಾಲು, ಪೇಟೆಂಟ್ ಮುಗಿದ ಔಷಧಕ್ಕೆ ಕಂಪನಿಯೊಂದು ತನ್ನ ಹೆಸರಿಟ್ಟು ತಯಾರಿಸಿದ ಜೆನೆರಿಕ್ಕೇ ಆಗಿರುತ್ತದೆ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯಲ್ಲಿ ಅದೇ ಔಷಧದ ಬೆಲೆ ಶೇಕಡಾ 50ರಿಂದ 90ರಷ್ಟು ಕಡಿಮೆ. ಕಳಪೆ ಗುಣಮಟ್ಟದ ಭಯಕ್ಕೆ ನಮ್ಮ ದೇಶದಲ್ಲಿ ಕಾರಣವಿಲ್ಲವೆಂದು ನಾನು ಹೇಳುತ್ತಿಲ್ಲ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳೂ ಪ್ರಕಟಿಸುವ ಗುಣಮಟ್ಟವಿಲ್ಲದ ಔಷಧಗಳ ಪಟ್ಟಿಯಲ್ಲಿ ಬ್ರ್ಯಾಂಡ್ ಹೆಸರಿನವೂ ಇರುತ್ತವೆ. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಆ ಭಯ ನೀಗುವುದಿಲ್ಲ. ಮಾತ್ರೆ ಬದಲಾಯಿಸಿದ ಮೇಲೆ ಎರಡು ಮೂರು ವಾರ ಬಿಟ್ಟು ಬಿ.ಪಿ. ನೋಡಿಸಿ, ಕೊಲೆಸ್ಟರಾಲನ್ನು ಎರಡು ಮೂರು ತಿಂಗಳಲ್ಲಿ ಪರೀಕ್ಷಿಸಿ. ನಿಮ್ಮ ಮನೆಯ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಔಷಧದ ಮೂಲ ಹೆಸರನ್ನೇ ಚೀಟಿಯಲ್ಲಿ ಬರೆಯುವಂತೆ ವೈದ್ಯರನ್ನು ಕೇಳಿಕೊಳ್ಳಿ.

ಫಿಟ್ಸ್ ಮಾತ್ರೆ, ಥೈರಾಯ್ಡ್ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್ ಇವುಗಳ ವಿಷಯ ಬೇರೆ. ಇವುಗಳಲ್ಲಿ ಪ್ರಮಾಣದ ಸಣ್ಣ ವ್ಯತ್ಯಾಸವೂ ಪರಿಣಾಮ ಬೀರಬಲ್ಲದು. ಮಗಳಿಗೆ ಫಿಟ್ಸ್ ಹತೋಟಿಯಲ್ಲಿದ್ದರೆ ಈಗ ಕೊಡುತ್ತಿರುವ ತಯಾರಿಕೆಯನ್ನೇ ಮುಂದುವರಿಸಿ. ನರರೋಗ ತಜ್ಞರನ್ನು ಕೇಳದೆ ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೂ ಹೋಗಬೇಡಿ.

ಪ್ರಶ್ನೆ: ಖರ್ಚು ಉಳಿಯಲೆಂದು ಅಮ್ಮನ ಸಕ್ಕರೆ ಮಾತ್ರೆಯನ್ನು, 1000 ಮಿಲಿಗ್ರಾಂನದ್ದು ತಂದು, ಎರಡು ತುಂಡು ಮಾಡಿ ಕೊಡುತ್ತಿದ್ದೇನೆ. ತಪ್ಪೇ?
— ಓದುಗರೊಬ್ಬರು, ಹಾಸನ

ಉತ್ತರ: ಪಟ್ಟಿಯ ಮೇಲೆ ಔಷಧದ ಹೆಸರಿನ ಜೊತೆ ಎಸ್‌ಆರ್, ಎಕ್ಸ್‌ಆರ್ ಅಥವಾ ಇಆರ್ ಎಂದಿದ್ದರೆ ತುಂಡು ಮಾಡಬೇಡಿ. ಅವು ಹೊಟ್ಟೆಯಲ್ಲಿ ನಿಧಾನವಾಗಿ ಔಷಧ ಬಿಡುವ ಮಾತ್ರೆಗಳು. ಮುರಿದರೆ ಆ ವ್ಯವಸ್ಥೆ ಕೆಟ್ಟು ಔಷಧ ಬೇಗನೆ ಬಿಡುಗಡೆಯಾಗಬಹುದು. ಮೆಟೊಪ್ರೊಲಾಲ್ ಸಕ್ಸಿನೇಟ್‌ನಂತಹ ಕೆಲವು ನಿಧಾನದ ಮಾತ್ರೆಗಳಿಗೆ ನಡುವೆ ಗೀಟು ಕೊಟ್ಟಿರುತ್ತಾರೆ. ಅಂಥವನ್ನು ಗೀಟಿನಲ್ಲಿ ಅರ್ಧ ಮಾಡಬಹುದು, ಪುಡಿ ಮಾಡುವುದಾಗಲಿ ಅಗಿಯುವುದಾಗಲಿ ಕೂಡದು. ಅಮ್ಮನವರದ್ದು ಮೆಟ್‌ಫಾರ್ಮಿನ್ ಆಗಿದ್ದರೆ 500 ಮಿಲಿಗ್ರಾಂನ ಸಾದಾ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ, ಜನೌಷಧಿಯಲ್ಲಿ ಅಗ್ಗವಾಗಿ ಸಿಗುತ್ತದೆ. ಸಾದಾ ಮಾತ್ರೆಗೆ ಬದಲಾದರೆ ದಿನಕ್ಕೆ ಎಷ್ಟು ಬಾರಿ, ಊಟಕ್ಕೆ ಮೊದಲೋ ನಂತರವೋ ಎಂಬುದು ಬದಲಾಗಬಹುದಾದ್ದರಿಂದ, ಕೊಡುವ ಮೊದಲು ವೈದ್ಯರಿಂದ ಹೊಸ ಚೀಟಿ ಬರೆಸಿಕೊಳ್ಳಿ.